ಮಾರಿ ತಿಕ್ಕೋ ಮೊದಲು ಮುಂಗೈ ತಿಕ್ಕಿ ನೋಡ್ರಿ

ಹತ್ತು ರೂಪಾಯಿಯ ಪ್ಯಾಕೆಟ್ಟು. ತಂದುಕೊಟ್ಟವರು ನಾವೇ. ಆದ್ದರಿಂದ ಮೊದಲ ತಪ್ಪು ನಮ್ಮದೇ ಎಂದು ಒಪ್ಪಿಕೊಂಡೇ ಈ ಬರಹ ಶುರು ಮಾಡುತ್ತೇವೆ.

ನಮ್ಮ ಅಣ್ಣನ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ದಿನಾ ಕಳಸಾಪುರದಿಂದ ಗದಗಕ್ಕೆ ಹೋಗಿ ಬರುತ್ತಾಳೆ. ಸುದ್ದಿ ಕೆಲಸಕ್ಕೆಂದು ನಾವೂ ಗದಗಕ್ಕೆ ಹೋಗುವವರೇ. ಒಂದು ದಿನ ಬೈಕ್ ಹತ್ತುವಾಗ ಕೈಗೆ ಚೀಟಿ ಇಟ್ಟಳು. "ಕಾಕಾ, ಇದನ್ನ ತೊಗೊಂಡು ಬಾ. ಅವ್ವಗ ಹೇಳಬ್ಯಾಡ" ಅಂದಳು. ಚೀಟಿಯಲ್ಲಿ ಒಂದು ಫೇಸ್ ಸ್ಕ್ರಬ್ಬಿನ ಹೆಸರಿತ್ತು. ಅಂಗಡಿಯಲ್ಲಿ ದೊಡ್ಡ ಟ್ಯೂಬೂ ಇತ್ತು, ಸಣ್ಣ ಪ್ಯಾಕೆಟ್ಟೂ ಇತ್ತು. ನಾವು ಸಣ್ಣವೇ ಒಂದು ಸರ ಹರಿಸಿಕೊಂಡು ಬಂದೆವು. ಪ್ಯಾಕೆಟ್ಟಿನ ಮೇಲೆ "ಮೃದು" ಅಂತ ಬರೆದಿತ್ತು. ಮೃದು ಅಂದ ಮೇಲೆ ಅದರಲ್ಲಿ ವಿಚಾರ ಮಾಡುವಂಥದ್ದು ಏನಿದೆ ಎಂದುಕೊಂಡೆವು.

ಮೂರು ವಾರದ ನಂತರ ಹುಡುಗಿಯ ಎರಡೂ ಗಲ್ಲ ಕೆಂಪಾದವು. ಆಮೇಲೆ ಕಣ್ಣಿನ ಕೆಳಗೆ, ಗಲ್ಲದ ಎಲುಬಿನ ಮೇಲೆ ಕಪ್ಪು ಪಟ್ಟಿ ಬಂತು. ಅತ್ತಿಗೆ ಕೇಳಿದರು, "ಯಾರ್ ತಂದ್ಕೊಟ್ಟಾರ ಇದನ್ನ?" ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಾವೇ ಅಂತ ಹೇಳಬೇಕಾಯಿತು.

ಹುಡುಗಿ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ತಿಕ್ಕುತ್ತಿದ್ದಳಂತೆ. ಉರಿಯುತ್ತಿರಲಿಲ್ಲವೇ ಎಂದು ಕೇಳಿದೆವು. "ಉರಿತಿತ್ತು ಕಾಕಾ. ಉರಿದ್ರ ಕೆಲಸ ಮಾಡಾಕತ್ತೈತಿ ಅಂತ ರೀಲ್ಸ್‌ನ್ಯಾಗ ಹೇಳಿದ್ರು" ಅಂದಳು.

ಈ ಒಂದು ಮಾತಿನ ಸಲುವಾಗಿ ಈ ಬರಹ. ಉರಿದರೆ ಕೆಲಸ ಮಾಡುತ್ತಿದೆ ಅನ್ನುವುದು ಸುಳ್ಳು. ಮೃದು ಅಂತ ಬರೆದದ್ದೆಲ್ಲ ಮೃದು ಅನ್ನುವುದೂ ಸುಳ್ಳು. ಮನೆಯಲ್ಲಿ ಮಾಡಿದ್ದೆಲ್ಲ ಮೃದು ಅನ್ನುವುದೂ ಪೂರಾ ನಿಜವಲ್ಲ.

ಗಿರಣಿ ಅಜ್ಜನ ಬೆರಳು

ಮೊದಲು ನಮ್ಮೂರ ಗಿರಣಿಗೆ ಹೋಗೋಣ. ಜೋಳ ಬೀಸಿಸಲು ಹೋದಾಗ ನೋಡಿರಬೇಕು ನೀವು. ಹಿಟ್ಟು ಬೀಳಲು ಶುರುವಾದ ಕೂಡಲೇ ಗಿರಣಿಯವರು ಒಂದು ಚಿಟಿಕೆ ಹಿಡಿದು ಹೆಬ್ಬೆರಳು-ತೋರುಬೆರಳಿನ ನಡುವೆ ತಿಕ್ಕಿ ನೋಡುತ್ತಾರೆ. ತರಿ ಇದ್ದರೆ ಕಲ್ಲು ಬಿಗಿ ಮಾಡುತ್ತಾರೆ. ನಮ್ಮ ಗಿರಣಿ ಅಜ್ಜ ಒಮ್ಮೆ ಹೇಳಿದ್ದರು, "ಕಣ್ಣಿಗೆ ಎರಡೂ ಒಂದ ಕಾಣ್ತಾವ ತಮ್ಮಾ, ಬೆರಳಿಗೆ ಗೊತ್ತಾಗತೈತಿ."

ಸ್ಕ್ರಬ್ ಮೃದುವೋ ಒರಟೋ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಸ್ಕ್ರಬ್ ಅಂದರೆ ಒಂದು ಕ್ರೀಮು ಇಲ್ಲವೇ ಸೋಪಿನ ಲೋಳೆಯಲ್ಲಿ ಸಣ್ಣ ಸಣ್ಣ ತರಿ ಕಲಸಿದ್ದು. ಆ ತರಿ ಚರ್ಮದ ಮೇಲಿನ ಸತ್ತ ಪದರವನ್ನು ಉಜ್ಜಿ ತೆಗೆಯುತ್ತದೆ. ತರಿ ಎಷ್ಟು ದಪ್ಪ, ಅದರ ಅಂಚು ದುಂಡಗಿದೆಯೋ ಚೂಪಾಗಿದೆಯೋ, ನೀರಲ್ಲಿ ಕರಗುತ್ತದೋ ಇಲ್ಲವೋ, ಈ ಮೂರರ ಮೇಲೆ ಅದರ ಗುಣ ನಿಂತಿದೆ.

ಸಕ್ಕರೆ ಹರಳಿಗೆ ಚೂಪು ಅಂಚಿದೆ, ಆದರೆ ಒದ್ದೆ ಮುಖದ ಮೇಲೆ ತಿಕ್ಕುತ್ತ ಹೋದಂತೆ ಕರಗುತ್ತದೆ. ಅಕ್ರೋಟ್ ಚಿಪ್ಪಿನ ಪುಡಿ, ಏಪ್ರಿಕಾಟ್ ಬೀಜದ ಪುಡಿ ಕರಗುವುದಿಲ್ಲ. ಚಿಪ್ಪು ಒಡೆದರೆ ಗಾಜು ಒಡೆದಂತೆ, ಒಂದೊಂದು ಚೂರಿಗೆ ಒಂದೊಂದು ಆಕಾರ. ಸಣ್ಣಗೆ ಬೀಸಿ ಸೋಸಿದ್ದರೆ ಅಡ್ಡಿಯಿಲ್ಲ, ಸೋಸಿರದಿದ್ದರೆ ಕೆರೆಯುತ್ತದೆ. ಎರಡಕ್ಕೂ ಪ್ಯಾಕೆಟ್ಟಿನ ಮೇಲೆ ಒಂದೇ ಹೆಸರು.

ನಮ್ಮ ಹುಡುಗಿಯ ಗಲ್ಲ ನೋಡಿದ ಮೇಲೆ ನಾವೂ ಒಂದು ಪರೀಕ್ಷೆ ಮಾಡಿದೆವು. ಮುಂಗೈ ಒಳಭಾಗದಲ್ಲಿ, ನಾಡಿ ಹಿಡಿಯುವ ಜಾಗದ ಮೇಲ್ಗಡೆ, ಒಂದೊಂದು ಕಡೆ ಒಂದೊಂದು ಹಚ್ಚಿ ಇಪ್ಪತ್ತು ಎಣಿಸುವತನಕ ತಿಕ್ಕಿದೆವು. ಅಂಗಡಿಯ ನುಣ್ಣನೆ ಕಡ್ಲಿ ಹಿಟ್ಟಿನಿಂದ ಏನೂ ಆಗಲಿಲ್ಲ. ಮನೆಯ ಮಿಕ್ಸರಿನಲ್ಲಿ ಬೀಸಿದ ಹೆಸರು ಹಿಟ್ಟು ನಾವು ಎಣಿಸಿದ್ದಕ್ಕಿಂತ ಒರಟಾಗಿತ್ತು, ಸಿಪ್ಪೆಯ ಚೂರು ಚುಚ್ಚಿದವು. ಸಕ್ಕರೆ ಮತ್ತು ನಿಂಬೆರಸ ಹಚ್ಚಿದಲ್ಲಿ ಗೆರೆ ಗೆರೆ ಎದ್ದು ಚುರುಚುರು ಅಂದಿತು. ಪ್ಯಾಕೆಟ್ಟಿನ ಸ್ಕ್ರಬ್ ಹಚ್ಚಿದ ಜಾಗ ತೊಳೆದ ಕೂಡಲೇ ನುಣ್ಣಗೆ ಅನಿಸಿತು, ಆದರೆ ಬಹಳ ಹೊತ್ತು ಕೆಂಪಗೇ ಉಳಿಯಿತು. ಇದು ಒಬ್ಬರ ಕೈ ಮೇಲಿನ ಪರೀಕ್ಷೆ, ವಿಜ್ಞಾನಿಗಳ ಲೆಕ್ಕವಲ್ಲ. ಆದರೆ ಮುಖಕ್ಕೆ ಹಚ್ಚುವ ಮೊದಲು ಯಾರು ಬೇಕಾದರೂ ಖರ್ಚಿಲ್ಲದೆ ಮಾಡಿಕೊಳ್ಳಬಹುದಾದ ಪರೀಕ್ಷೆ.

ಚರ್ಮ ಅಂದರೆ ಮಾಳಿಗೆ ಇದ್ದಂಗ

ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದನ್ನು ತಿಳಿಸುವುದು ಸುಲಭ. ಮಾಳಿಗೆಯ ಮೇಲ್ಮಣ್ಣು ಗಟ್ಟಿಯಾಗಿ ಕೂತಿದ್ದರೆ ಮಳೆ ಒಳಗೆ ಇಳಿಯುವುದಿಲ್ಲ. ಕಸ ಬೆಳೆದಿದೆ ಅಂತ ಸಲಿಕೆ ಹಾಕಿ ಕೆರೆದರೆ ಮರುದಿನವೇ ಸೋರುತ್ತದೆ.

ನಮ್ಮ ಚರ್ಮದ ಮೇಲೂ ಅಂಥದ್ದೇ ಒಂದು ಪದರ ಇದೆ. ಸತ್ತ ಜೀವಕೋಶಗಳು ಹತ್ತು-ಇಪ್ಪತ್ತು ಸುತ್ತು ಒಂದರ ಮೇಲೊಂದು ಕೂತಿರುತ್ತವೆ, ನಡುವೆ ಜಿಡ್ಡು ಗಾರೆಯ ಹಾಗೆ ಹಿಡಿದಿರುತ್ತದೆ. ಮುಖದ ಮೇಲೆ ಈ ಪದರ ತಲೆಗೂದಲಿನ ದಪ್ಪಕ್ಕಿಂತಲೂ ತೆಳು. ಒಳಗಿನ ತೇವ ಆರದಂತೆ, ಹೊರಗಿನ ಧೂಳು, ಖಾರ, ರೋಗಾಣು ಒಳಗೆ ಹೋಗದಂತೆ ತಡೆಯುವುದು ಇದೇ. ಹೆಸರಿಗೆ ಸತ್ತ ಪದರ, ಆದರೆ ಕೆಲಸ ನಿಲ್ಲಿಸಿಲ್ಲ.

ಈ ಪದರ ತಾನಾಗಿಯೇ ಉದುರಿ ಹೊಸದಾಗುತ್ತದೆ. ಎಳೆಯ ವಯಸ್ಸಿನಲ್ಲಿ ಇದಕ್ಕೆ ಸುಮಾರು ನಾಲ್ಕು ವಾರ ಸಾಕು. ವಯಸ್ಸಾದಂತೆ ತಡವಾಗುತ್ತದೆ. ಅಂದರೆ ಹದಿನೇಳರ ಹುಡುಗಿಯ ಮುಖವನ್ನು ದಿನಾ ಎರಡು ಹೊತ್ತು ಕೆರೆಯುವ ಅವಶ್ಯಕತೆಯೇ ಇರಲಿಲ್ಲ. ಅವಳ ಚರ್ಮ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿತ್ತು.

ಅಂಗೈ, ಅಂಗಾಲು ಬೇರೆ ಲೆಕ್ಕ. ಅಲ್ಲಿ ಪದರ ದಪ್ಪ. ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ ತೊಳೆದರೆ ಏನೂ ಆಗುವುದಿಲ್ಲ. ಅದೇ ಕೈಯಿಂದ, ಅದೇ ಜೋರಿನಿಂದ ಗಲ್ಲ ತಿಕ್ಕಿದರೆ ಆಗುತ್ತದೆ.

ಹಾಗಾದರೆ ತಿಕ್ಕಿದ ಕೂಡಲೇ ಮುಖ ಹೊಳೆದಂತೆ ಕಾಣುವುದು ಯಾಕೆ? ಉದುರಲು ತಯಾರಾಗಿದ್ದ ಹೊಟ್ಟು ಹೋಗಿರುತ್ತದೆ, ಅದಕ್ಕೇ ಕೈಗೆ ನುಣ್ಣಗೆ ಹತ್ತುತ್ತದೆ. ತಿಕ್ಕಿದ ಜಾಗಕ್ಕೆ ರಕ್ತ ಹರಿದು ಬಂದಿರುತ್ತದೆ, ಅದಕ್ಕೇ ಕೆಂಪೇರಿ ಹೊಳೆಯುತ್ತದೆ. ಕೆಲವು ಸ್ಕ್ರಬ್ಬಿನಲ್ಲಿ ಮೆಂಥಾಲ್ ಹಾಕಿರುತ್ತಾರೆ, ಅದು ತಂಪು ತಂಪು ಅನಿಸಿ ಉರಿಯನ್ನು ಮುಚ್ಚಿಬಿಡುತ್ತದೆ. ಆ ಹೊತ್ತಿನ ಅನುಭವ ನಂಬಿ ಕೂತರೆ ಮೋಸ ಹೋಗುತ್ತೇವೆ. ನಿಜವಾದ ಉತ್ತರ ಸಿಗುವುದು ಮರುದಿನ. ಸೋಪು ಹಚ್ಚಿದಾಗ ಉರಿಯುತ್ತದೆಯೇ? ಹೊಲದಲ್ಲಿ ಬೆವರು ಹರಿದಾಗ ಚುರುಗುಟ್ಟುತ್ತದೆಯೇ? ತೊಳೆದ ಮೇಲೆ ಮುಖ ಬಿಗಿದಂತಾಗುತ್ತದೆಯೇ? ಇದ್ದರೆ ಮಾಳಿಗೆ ಸೋರಲು ಶುರುವಾಗಿದೆ ಅಂತ ಅರ್ಥ.

ಬೋರಿನ ಗಡಸು ನೀರು ಇದ್ದ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ತೊಳೆದು ಹೋಗದೆ ಮುಖದ ಮೇಲೆ ಪೊರೆಯಂತೆ ಉಳಿಯುತ್ತದೆ. ಸೋಪಿನ ಗುಣ ಕ್ಷಾರ, ಚರ್ಮದ ಗುಣ ತುಸು ಹುಳಿ. ಮೊದಲು ಸೋಪು, ಆಮೇಲೆ ಸ್ಕ್ರಬ್, ಮತ್ತೆ ಸೋಪು ಅಂದರೆ ಒಂದೇ ಗಾಯಕ್ಕೆ ಮೂರು ಪೆಟ್ಟು.

ಅಜ್ಜಿಯ ಕಡ್ಲಿ ಹಿಟ್ಟು

ಇಷ್ಟು ಓದಿದ ಮೇಲೆ ಕೆಲವರು ಹೇಳುತ್ತೀರಿ: "ಅದಕ್ಕ ಪ್ಯಾಕೆಟ್ ಬ್ಯಾಡ ಅನ್ನೋದು. ನಮ್ಮ ಕಡ್ಲಿ ಹಿಟ್ಟು, ಅರಿಷಿಣ ಸಾಕು."

ಈ ಮಾತಿನಲ್ಲಿ ಸತ್ಯ ಇದೆ. ನಮ್ಮ ಎರಿ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಗದಗ ಸೀಮೆ ಹೆಸರು ಮಾಡಿದ್ದೇ ಈ ಎರಡು ಕಾಳಿನಿಂದ. ಮುಖ ತೊಳೆಯಲು ಇವೆರಡರ ಹಿಟ್ಟು ನಮ್ಮ ಮನೆಗಳಲ್ಲಿ ಸೋಪು ಬರುವ ಮೊದಲೇ ಇತ್ತು. ಮದುವೆಯ ಅರಿಷಿಣಕ್ಕೆ, ದೀಪಾವಳಿಯ ಎಣ್ಣೆ-ನೀರಿಗೆ ಇವತ್ತಿಗೂ ಇದೆ.

ಆದರೆ ಹಳಬರು ಹೇಗೆ ಬಳಸುತ್ತಿದ್ದರು ನೋಡಿ. ಮೊದಲು ಎಣ್ಣೆ ಹಚ್ಚುತ್ತಿದ್ದರು. ಆಮೇಲೆ ಹಿಟ್ಟು. ಎಣ್ಣೆಯ ಮೇಲೆ ತರಿ ಜಾರುತ್ತದೆ, ಕೆರೆಯುವುದಿಲ್ಲ. ಹಿಟ್ಟು ಮುಖ್ಯವಾಗಿ ಎಣ್ಣೆ ಹೀರಿಕೊಳ್ಳಲು ಇತ್ತು, ಚರ್ಮ ಸುಲಿಯಲು ಅಲ್ಲ. ಹಿಟ್ಟನ್ನು ವಸ್ತ್ರದಲ್ಲಿ ಜರಡಿ ಹಿಡಿಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡದೆಂದರೆ, ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ, ಹೆಚ್ಚೆಂದರೆ ವಾರಕ್ಕೊಮ್ಮೆ ಮಾಡುತ್ತಿದ್ದರು. ಅವರ ಕಡ್ಲಿ ಹಿಟ್ಟು ಮೃದುವಾಗಿದ್ದದ್ದು ಈ ರೀತಿಯಿಂದ. ಈಗ ನಾವು ಎಣ್ಣೆ ಬಿಟ್ಟೆವು, ಜರಡಿ ಬಿಟ್ಟೆವು, ಹಿಟ್ಟು ಮಾತ್ರ ಹಿಡಿದುಕೊಂಡು ದಿನಾ ತಿಕ್ಕುತ್ತೇವೆ.

ಇನ್ನೊಂದು ಮಾತು. ಮುಖಕ್ಕೆ ಹಚ್ಚುವ ಹಿಟ್ಟನ್ನು ಗಿರಣಿಯಲ್ಲಿ ಬೀಸಿಸುವಾಗ ಮೊದಲು ಏನು ಬೀಸಿದ್ದರು ಕೇಳಿಕೊಳ್ಳಿ. ಮೆಣಸಿನಕಾಯಿ ನಾಡು ನಮ್ಮದು. ಖಾರ ಬೀಸಿದ ಯಂತ್ರದಲ್ಲಿ ಉಳಿದ ಒಂದು ಚಿಟಿಕೆ ಸಾಕು, ಇಡೀ ದಿನ ನೆನಪಿರುತ್ತದೆ.

ನಿಂಬೆಹಣ್ಣಿನ ವಿಷಯದಲ್ಲಿ ನಾವು ಖಡಾಖಂಡಿತ ಹೇಳುತ್ತೇವೆ: ಮುಖಕ್ಕೆ ಹಚ್ಚಬೇಡಿ. ನಿಂಬೆರಸ ಚರ್ಮದ ಮೇಲಿದ್ದಾಗ ಬಿಸಿಲು ತಾಗಿದರೆ ಸುಟ್ಟಂತೆ ಬೊಬ್ಬೆ ಏಳಬಹುದು, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಚರ್ಮದ ಡಾಕ್ಟರುಗಳ ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರೇ ಇದೆ. ಏಸಿ ರೂಮಿನಲ್ಲಿ ಕೂತು ರೀಲ್ಸ್ ಮಾಡುವವರಿಗೆ ಇದು ತಿಳಿಯದಿರಬಹುದು. ನಮ್ಮ ಹುಡುಗಿಯರು ಮುಖ ತೊಳೆದು ನೇರ ಬಿಸಿಲಿಗೆ ಹೋಗುವವರು, ಕಾಲೇಜಿಗೋ ಕಳೆ ತೆಗೆಯಲಿಕ್ಕೋ. ಅಡಿಗೆ ಸೋಡಾ, ಟೂತ್‌ಪೇಸ್ಟ್ ಹಚ್ಚಿ ತಿಕ್ಕುವುದೂ ಇದೇ ಸಾಲಿಗೆ ಸೇರಿದ್ದು.

ಹಾಗೆಯೇ ಬಾಣಂತಿ ಮನೆಯ ಎರೆಯುವ ಕೆಲಸ. ಹಸುಗೂಸಿನ ಮೈಮೇಲಿನ ಕೂದಲು ಹೋಗಲಿ ಅಂತ ಹಿಟ್ಟಿನ ಉಂಡೆ ಮಾಡಿ ಉರುಳಿಸಿ ತಿಕ್ಕುತ್ತಾರೆ. ಆ ಕೂದಲು ತಾನಾಗಿಯೇ ಉದುರುತ್ತದೆ. ಕೂಸಿನ ಚರ್ಮ ದೊಡ್ಡವರದಕ್ಕಿಂತ ಬಹಳ ತೆಳು. ಕೂಸು ಅಳುವುದು ನೀರಿನ ಬಿಸಿಗೆ ಮಾತ್ರ ಅಲ್ಲ, ತಿಕ್ಕುವ ಜೋರಿಗೂ ಅಳುತ್ತದೆ. ಎಣ್ಣೆ ಹಚ್ಚಿ ಹಗುರವಾಗಿ ನೀವಿರಿ, ಹಿಟ್ಟಿನ ಉಂಡೆ ಬಿಡಿ.

ಹೋಳಿ ಮರುದಿನದ ಮುಖಗಳನ್ನೂ ನೆನಪಿಸಿಕೊಳ್ಳಿ. ಬಣ್ಣ ಹೋಗಲಿಲ್ಲವೆಂದು ಬಟ್ಟೆ ಸೋಪಿನ ಪುಡಿ, ಸೀಮೆಎಣ್ಣೆ, ಪಾತ್ರೆ ತಿಕ್ಕುವ ಬ್ರಶ್ಶು! ಆಡುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರೆ ಅರ್ಧ ಬಣ್ಣ ನೀರಿಗೇ ಹೋಗುತ್ತಿತ್ತು. ಉಳಿದದ್ದು ಎರಡು ದಿನ ಇದ್ದರೆ ಯಾರ ಗಂಟೂ ಹೋಗುವುದಿಲ್ಲ.

ತಿಕ್ಕಿದಷ್ಟೂ ಕಪ್ಪು

ನಮ್ಮಂಥ ಬಣ್ಣದ ಚರ್ಮಕ್ಕೆ ಒಂದು ಗುಣ ಇದೆ. ಎಲ್ಲಿ ಗಾಯವಾಗಲಿ, ಉರಿಯೂತ ಆಗಲಿ, ಅಲ್ಲಿ ಕಪ್ಪು ಬಣ್ಣ ಹೆಚ್ಚು ತಯಾರಾಗುತ್ತದೆ. ಸೊಳ್ಳೆ ಕಚ್ಚಿದ ಜಾಗವೂ ಕಪ್ಪು ಚುಕ್ಕೆಯಾಗಿ ಉಳಿಯುವುದು ಅದಕ್ಕೇ. ಒರಟು ಸ್ಕ್ರಬ್ಬಿನಿಂದ ದಿನಾ ಆಗುವ ಸಣ್ಣ ಸಣ್ಣ ಪೆಟ್ಟಿಗೂ ಚರ್ಮ ಇದೇ ಉತ್ತರ ಕೊಡುತ್ತದೆ. ಹುಡುಗಿಯರು ಕಪ್ಪು ಹೋಗಲಿ ಅಂತ ತಿಕ್ಕುತ್ತಾರೆ, ತಿಕ್ಕಿದ್ದಕ್ಕೇ ಕಪ್ಪು ಬರುತ್ತದೆ, ಕಪ್ಪು ಬಂತೆಂದು ಮತ್ತೆ ತಿಕ್ಕುತ್ತಾರೆ.

ಜಳಕಕ್ಕೆ ನೈಲಾನ್ ಉಜ್ಜುಗ ಬಳಸುವವರ ಬೆನ್ನು, ಹೆಗಲು, ಕತ್ತು, ತೋಳಿನ ಮೇಲೆ ಬೂದು-ಕಪ್ಪು ಬಣ್ಣದ ಪಟ್ಟೆ ಬರುವುದನ್ನು ವೈದ್ಯರು ಫ್ರಿಕ್ಷನ್ ಮೆಲನೋಸಿಸ್ ಅನ್ನುತ್ತಾರೆ. ಕನ್ನಡದಲ್ಲಿ ಹೇಳಬೇಕೆಂದರೆ ತಿಕ್ಕುಗಪ್ಪು. ಮಣ್ಣು ಹೋಗಿಲ್ಲ ಅಂತ ಇನ್ನಷ್ಟು ತಿಕ್ಕುತ್ತೇವೆ. ಅದು ಮಣ್ಣಲ್ಲ.

ಇಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಅಪಾಯದ್ದು. ನಮ್ಮ ಹುಡುಗಿಯ ಗಲ್ಲ ಕಪ್ಪಾದಾಗ ಓಣಿಯವರೊಬ್ಬರು ಒಂದು ಮುಲಾಮಿನ ಹೆಸರು ಹೇಳಿದರು. "ಎಂಟ ದಿನದಾಗ ಬೆಳ್ಳಗಾಗತೈತಿ." ಇಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಎಂಟು ದಿನ ಚೆಂದ ಕಾಣುವುದು ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಎದ್ದು ಕಾಣುತ್ತವೆ, ಮೊಡವೆ, ಮುಖದ ಮೇಲೆ ಕೂದಲು ಬರುತ್ತವೆ. ಬಿಟ್ಟರೆ ಮುಖ ಉರಿಯುತ್ತದೆ, ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. ಚರ್ಮವೈದ್ಯರ ಸಂಘ ಈ ಬಗ್ಗೆ ವರ್ಷಗಳಿಂದ ಎಚ್ಚರಿಸುತ್ತ ಬಂದಿದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಕೇಳದೆ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ.

ಸಣ್ಣ ಪ್ಯಾಕೆಟ್ಟಿಗೆ ಸಣ್ಣ ಕಾನೂನು

ಈಗ ನಮ್ಮ ಮುಖ್ಯ ತಕರಾರಿಗೆ ಬರುತ್ತೇವೆ.

ದೇಶದಲ್ಲಿ ಸೌಂದರ್ಯವರ್ಧಕಗಳಿಗೆ 2020ರ ಡಿಸೆಂಬರಿನಲ್ಲಿ ಪ್ರತ್ಯೇಕ ನಿಯಮಾವಳಿ ಬಂತು. ಅದಕ್ಕೂ ಮೊದಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಕೆಳಗಿನ ಹಳೆಯ ನಿಯಮಗಳಿದ್ದವು. ತಯಾರಿಸಿದವರ ಹೆಸರು-ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಯಾವ ದಿನಾಂಕದೊಳಗೆ ಬಳಸಬೇಕು, ಒಳಗೆ ಏನೇನಿದೆ, ಇವನ್ನೆಲ್ಲ ಲೇಬಲ್ ಮೇಲೆ ಬರೆಯಬೇಕು ಅನ್ನುವುದು ನಿಯಮ. ಆದರೆ "ಒಳಗೆ ಏನೇನಿದೆ" ಅನ್ನುವ ಪಟ್ಟಿಗೆ ಒಂದು ವಿನಾಯಿತಿ ಇದೆ. ದ್ರವವಾದರೆ 60 ಮಿಲಿಲೀಟರಿಗಿಂತ, ಗಟ್ಟಿ ಇಲ್ಲವೇ ಅರೆಗಟ್ಟಿಯಾದರೆ 30 ಗ್ರಾಮಿಗಿಂತ ಕಡಿಮೆ ಇರುವ ಪ್ಯಾಕಿಗೆ ಆ ಪಟ್ಟಿ ಕಡ್ಡಾಯವಲ್ಲ.

ಇದರ ಅರ್ಥ ಬಿಡಿಸಿ ನೋಡಿ. ಪಟ್ಟಣದಲ್ಲಿ ನೂರು ಗ್ರಾಮಿನ ಟ್ಯೂಬ್ ಕೊಳ್ಳುವವರಿಗೆ ಒಳಗೆ ಅಕ್ರೋಟ್ ಚಿಪ್ಪಿದೆಯೋ ಪ್ಲಾಸ್ಟಿಕ್ ಮಣಿ ಇದೆಯೋ ಓದಲು ಸಿಗುತ್ತದೆ. ಕಳಸಾಪುರದಲ್ಲಿ ಹತ್ತು ರೂಪಾಯಿ ಪ್ಯಾಕೆಟ್ ಕೊಳ್ಳುವವರಿಗೆ ಅದು ಸಿಗಲೇಬೇಕೆಂದಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ಬರೆಯುತ್ತವೆ, ಅದು ಅವರ ದೊಡ್ಡಸ್ತಿಕೆ. ಬರೆದರೂ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಸಣ್ಣ ಪ್ಯಾಕೆಟ್ ಕೊಳ್ಳುವವರ ಚರ್ಮವೇನು ಸಣ್ಣದೇ?

"ಮೃದು" ಅನ್ನುವ ಮಾತಿಗೂ ಲೇಬಲ್ ಮೇಲೆ ಯಾವ ಅಳತೆಯೂ ಇಲ್ಲ. ರವೆಯಲ್ಲಿ ದಪ್ಪ ರವೆ, ಸಣ್ಣ ರವೆ ಅಂತ ಬರೆದು ಮಾರುತ್ತಾರೆ. ಗೋಡೆ ಉಜ್ಜುವ ಪಾಲಿಶ್ ಕಾಗದಕ್ಕೂ ನಂಬರಿದೆ. ಮುಖ ಉಜ್ಜುವ ಸ್ಕ್ರಬ್ಬಿಗೆ ನಂಬರಿಲ್ಲ. "ಚರ್ಮತಜ್ಞರಿಂದ ಪರೀಕ್ಷಿತ" ಎಂದು ಬರೆದರೆ ಪರೀಕ್ಷೆ ಆಗಿದೆ ಅಂತ ಮಾತ್ರ ತಿಳಿಯುತ್ತದೆ, ಫಲಿತಾಂಶ ಏನು ಅಂತ ತಿಳಿಯುವುದಿಲ್ಲ. ಪರೀಕ್ಷೆ ಬರೆದವರೆಲ್ಲ ಪಾಸಾಗುತ್ತಾರೆಯೇ?

ಪ್ಲಾಸ್ಟಿಕ್ ಮಣಿಯ ಕತೆಯೂ ತಿಳಿದಿರಲಿ. ಅವು ದುಂಡಗೆ, ನುಣ್ಣಗೆ ಇರುವುದರಿಂದ ಚಿಪ್ಪಿನ ಪುಡಿಗಿಂತ ಕೈಗೆ ಮೃದು ಅನಿಸುತ್ತವೆ. ಅದಕ್ಕೇ ಕಂಪನಿಗಳು ಅವನ್ನು ಇಷ್ಟಪಟ್ಟವು. ಆದರೆ ಬಚ್ಚಲ ನೀರಿನ ಜೊತೆ ಹರಿದು ಹಳ್ಳಕ್ಕೆ, ಕೆರೆಗೆ, ಮೀನಿನ ಹೊಟ್ಟೆಗೆ ಸೇರುತ್ತವೆ, ಕೊಳೆಯುವುದಿಲ್ಲ. ಅಮೆರಿಕ 2015ರಲ್ಲಿ ಕಾನೂನು ಮಾಡಿ ಇವನ್ನು ನಿಷೇಧಿಸಿತು. ಬ್ರಿಟನ್ 2018ರಲ್ಲಿ ನಿಷೇಧಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋ 2017ರಲ್ಲಿ ಇವು ಸೌಂದರ್ಯವರ್ಧಕಗಳಿಗೆ ಅಸುರಕ್ಷಿತ ಎಂದು ಪಟ್ಟಿ ಮಾಡಿತು. ಪಟ್ಟಿಯಲ್ಲಿ "ಪಾಲಿಎಥಿಲೀನ್" ಅನ್ನುವ ಹೆಸರು ಕಂಡರೆ ಬಿಟ್ಟುಬಿಡಿ. ಆದರೆ ಪಟ್ಟಿಯೇ ಇಲ್ಲದಿದ್ದರೆ ಏನನ್ನು ನೋಡುವುದು?

ಇನ್ನೊಂದು ಮಗ್ಗಲನ್ನೂ ಹೇಳಬೇಕು, ಇಲ್ಲವಾದರೆ ನ್ಯಾಯ ಆಗುವುದಿಲ್ಲ. 2016ರ ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಮಹಿಳೆಯರು ಸೇಂಟ್ ಐವ್ಸ್ ಅನ್ನುವ ಹೆಸರುವಾಸಿ ಸ್ಕ್ರಬ್ಬಿನ ಮೇಲೆ ಕೇಸು ಹಾಕಿದರು. ಅಕ್ರೋಟ್ ಚಿಪ್ಪಿನ ಪುಡಿ ಚರ್ಮದಲ್ಲಿ ಕಣ್ಣಿಗೆ ಕಾಣದ ಸೀಳು ಮಾಡುತ್ತದೆ ಅನ್ನುವುದು ಅವರ ವಾದ. 2018ರಲ್ಲಿ ಕೋರ್ಟು ಆ ಕೇಸನ್ನು ವಜಾ ಮಾಡಿತು. ಅಂಥ ಸೀಳಿನಿಂದ ನಿಜವಾಗಿ ಹಾನಿಯಾಗಿದೆ ಎಂದು ತೋರಿಸುವ ಸಾಕ್ಷಿ ಸಾಲದು ಎಂದಿತು. ಆದ್ದರಿಂದ ಚಿಪ್ಪಿನ ಪುಡಿ ಎಲ್ಲವೂ ವಿಷ ಅಂತ ನಾವು ಹೇಳುತ್ತಿಲ್ಲ. ಗಟ್ಟಿ ಚರ್ಮದವರು ವಾರಕ್ಕೊಮ್ಮೆ ಹಗುರ ಕೈಯಿಂದ ಬಳಸಿ ಆರಾಮ ಇರಬಹುದು. ಆದರೆ ಯಾವ ಚರ್ಮದವರಿಗೆ, ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಅಂತ ಹೇಳದೆ ಮಾರುವುದು ತಪ್ಪು.

ನಾವು ಕೇಳುವುದು ಮೂರೇ. ಸಣ್ಣ ಪ್ಯಾಕಿನ ವಿನಾಯಿತಿ ತೆಗೆಯಲಿ. ಜಾಗ ಸಾಲದಿದ್ದರೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಹಾಕಲಿ. ವಾರಕ್ಕೆಷ್ಟು ಸಲ ಬಳಸಬೇಕು, ಮೊಡವೆ-ಗಾಯ ಇದ್ದರೆ ಬಳಸಬಾರದು ಅನ್ನುವುದನ್ನು ಕನ್ನಡದಲ್ಲಿ ಬರೆಯಲಿ. ತರಿ ಎಷ್ಟು ದಪ್ಪ ಅನ್ನುವುದಕ್ಕೆ ಒಂದು ಗುರುತು ಇರಲಿ. ಸೌಂದರ್ಯವರ್ಧಕ ತಯಾರಿಸಲು ಲೈಸೆನ್ಸ್ ಬೇಕು, ಮಾರಲು ಬೇಕಿಲ್ಲ. ಆದ್ದರಿಂದ ಅಂಗಡಿಯವರನ್ನು ಬೈದು ಉಪಯೋಗವಿಲ್ಲ, ಅವರಿಗೂ ಒಳಗೆ ಏನಿದೆ ಗೊತ್ತಿರುವುದಿಲ್ಲ. ಪ್ಯಾಕೆಟ್ಟಿನ ಮೇಲೇ ಇರಬೇಕು.

ಎರಿ ಮಣ್ಣಿನ ಊರಲ್ಲಿ

ಇಷ್ಟೆಲ್ಲ ಹೇಳಿದರೂ ಹುಡುಗಿ ಯಾಕೆ ತಿಕ್ಕಿದಳು ಅನ್ನುವುದು ಉಳಿಯುತ್ತದೆ.

ಅವಳನ್ನೇ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ದೂರದ ಸಂಬಂಧಿಕರ ಮದುವೆಯಲ್ಲಿ ಯಾರೋ ಇವಳನ್ನು ನೋಡಿ, "ಹುಡುಗಿ ಚಲೋ ಅದಾಳ, ಬಣ್ಣ ಒಂದೀಟು ಕಡಿಮಿ" ಅಂದಿದ್ದರಂತೆ. ಆ ಮಾತು ಆಡಿದವರಿಗೆ ಈಗ ನೆನಪೂ ಇರಲಿಕ್ಕಿಲ್ಲ. ಇವಳು ಅದನ್ನು ದಿನಾ ಎರಡು ಹೊತ್ತು ತಿಕ್ಕಿ ಅಳಿಸಲು ನೋಡಿದಳು.

ಹೊಲ ಕೊಳ್ಳುವಾಗ ಎರಿ ಹೊಲಕ್ಕೆ ಹೆಚ್ಚು ರೊಕ್ಕ ಕೊಡುತ್ತೇವೆ, ಮಣ್ಣು ಕಪ್ಪಿದ್ದಷ್ಟೂ ಖುಷಿ ಪಡುತ್ತೇವೆ. ಹೆಣ್ಣು ನೋಡಲು ಹೋದಾಗ ಮಾತ್ರ ಲೆಕ್ಕ ತಿರುವುತ್ತೇವೆ. 2020ರಲ್ಲಿ ದೇಶದ ದೊಡ್ಡ ಕ್ರೀಮು ಫೇರ್ ಆ್ಯಂಡ್ ಲವ್ಲಿ ತನ್ನ ಹೆಸರಿನಿಂದ "ಫೇರ್" ತೆಗೆದು "ಗ್ಲೋ" ಇಟ್ಟುಕೊಂಡಿತು. ಕಂಪನಿ ಹೆಸರು ಬದಲಿಸಿತು, ಬೀಗರು ಪ್ರಶ್ನೆ ಬದಲಿಸಲಿಲ್ಲ. ಯಾವ ಸ್ಕ್ರಬ್ಬೂ ಹುಟ್ಟಿನ ಬಣ್ಣ ಬದಲಿಸುವುದಿಲ್ಲ. ಮೃದುವಾದದ್ದು ಮೇಲಿನ ಹೊಟ್ಟು ತೆಗೆಯುತ್ತದೆ, ಒರಟಾದದ್ದು ಗಾಯ ಮಾಡುತ್ತದೆ.

ಗಂಡುಹುಡುಗರೂ ಇದರಿಂದ ಹೊರಗಿಲ್ಲ. ಮೊಡವೆ ಬಂದ ಹುಡುಗರು ಮೊಡವೆಯನ್ನೇ ಸ್ಕ್ರಬ್ಬಿನಿಂದ ಒಡೆಯಲು ನೋಡುತ್ತಾರೆ. ಮೊಡವೆ ಕೊಳೆಯಿಂದ ಬರುವುದಲ್ಲ, ಚರ್ಮದ ಒಳಗಿನ ಜಿಡ್ಡಿನ ಗ್ರಂಥಿಯಲ್ಲಿ ಹುಟ್ಟುವುದು. ತಿಕ್ಕಿದರೆ ಒಡೆದು ಹರಡಿ ಕಲೆ ಬೀಳುತ್ತದೆ.

ಏನು ಮಾಡಬೇಕು

ಬಹಳ ಜನರಿಗೆ ಸ್ಕ್ರಬ್ಬೇ ಬೇಕಾಗಿಲ್ಲ. ನೀರು, ಹಗುರ ಸೋಪು, ಮೆತ್ತನೆ ಅರಿವೆ ಸಾಕು. ಬಳಸಲೇಬೇಕೆಂದರೆ ಇಷ್ಟು ನೆನಪಿಡಿ:

ಮೊದಲು ಮುಂಗೈ ಒಳಭಾಗದಲ್ಲಿ ತಿಕ್ಕಿ, ಒಂದು ದಿನ ಬಿಟ್ಟು ನೋಡಿ. ಕೆಂಪು, ತುರಿ, ಉರಿ ಇದ್ದರೆ ಮುಖಕ್ಕೆ ಬೇಡ.

ವಾರಕ್ಕೊಮ್ಮೆ ಸಾಕು. ಅರ್ಧ ನಿಮಿಷ ಸಾಕು. ಬೆರಳ ತುದಿಯಿಂದ, ರೊಟ್ಟಿಗೆ ಬೆಣ್ಣೆ ಸವರುವಷ್ಟು ಹಗುರವಾಗಿ. ಮುಖ ಪೂರಾ ಒದ್ದೆ ಇರಲಿ.

ಕಣ್ಣಿನ ಸುತ್ತ, ತುಟಿಯ ಅಂಚಿಗೆ, ಮೊಡವೆ, ಗಾಯ, ಹೊಸದಾಗಿ ಗಡ್ಡ ಬೋಳಿಸಿದ ಜಾಗಕ್ಕೆ ಬೇಡ.

ರಾತ್ರಿ ಮಾಡಿ. ತೊಳೆದು ಬಿಸಿಲಿಗೆ ಹೋಗಬೇಡಿ. ಹೋಗಲೇಬೇಕಾದರೆ ಮುಖಕ್ಕೆ ಓಢಣಿ, ಸೆರಗು, ಟವೆಲ್ ಇರಲಿ.

ಉರಿ ಶುರುವಾದರೆ ಅವತ್ತೇ ನಿಲ್ಲಿಸಿ. ಒಂದಕ್ಕೆ ಇನ್ನೊಂದು ಹಚ್ಚಬೇಡಿ. ನಾಲ್ಕು ವಾರ ಮುಖವನ್ನು ಅದರ ಪಾಡಿಗೆ ಬಿಡಿ.

ಕಲೆ ಉಳಿದರೆ ಡಾಕ್ಟರ ಹತ್ತಿರ ಹೋಗಿ. ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋಗಲು ಆಗದಿದ್ದರೆ ಸರ್ಕಾರದ ಇ-ಸಂಜೀವಿನಿ ಮೂಲಕ ಮೊಬೈಲಿನಲ್ಲೇ ಡಾಕ್ಟರ ಜೊತೆ ಪುಕ್ಕಟೆ ಮಾತಾಡಬಹುದು. ಲೈಸೆನ್ಸ್ ನಂಬರು, ದಿನಾಂಕ ಇಲ್ಲದ ಪ್ಯಾಕೆಟ್ ಸಿಕ್ಕರೆ ಫೋಟೊ ತೆಗೆದಿಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ನಮ್ಮ ಹುಡುಗಿಯನ್ನು ಗದಗಿನ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಬರೆದುಕೊಟ್ಟದ್ದಕ್ಕಿಂತ ಬಿಡಿಸಿದ್ದೇ ಹೆಚ್ಚು. ಸ್ಕ್ರಬ್ ಬಿಡು, ನಿಂಬೆ ಬಿಡು, ತಾಸಿಗೊಮ್ಮೆ ಕನ್ನಡಿ ನೋಡುವುದು ಬಿಡು ಅಂದರು. ಕೆಂಪು ಹದಿನೈದು ದಿನಕ್ಕೆ ಹೋಯಿತು. ಕಪ್ಪು ಪಟ್ಟಿ ಪೂರಾ ಹೋಗಿಲ್ಲ, ನಾಲ್ಕು ತಿಂಗಳಿಗೆ ಅರ್ಧ ತಿಳಿಯಾಗಿದೆ. ಪರೀಕ್ಷೆ ಹತ್ತಿರ ಬಂದಿದೆ, ಓದುತ್ತಿದ್ದಾಳೆ.

ಸರದಲ್ಲಿ ಎರಡು ಪ್ಯಾಕೆಟ್ ಉಳಿದಿದ್ದವು. ಅತ್ತಿಗೆ ಅವನ್ನು ಒಡೆದು ದೇವರ ಜಗಲಿಯ ಹಿತ್ತಾಳೆ ತಂಬಿಗೆ 
ತಿಕ್ಕಿದರು. "ನೋಡ್ರಿ, ಇದಕ್ಕ ಚಲೋ ಐತಿ" ಅಂತ ನಮ್ಮ ಕಡೆ ತೋರಿಸಿದರು. ತಂಬಿಗೆ ಈಗಲೂ ಫಳಫಳ ಹೊಳೆಯುತ್ತಿದೆ.